ಹೊರಠಾಣೆಯೊಳಗಿನ ಗಂಟಲು

ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ನಂಜನಗೂಡಿನ ಅಂಚಿನಲ್ಲಿರುವ ನಮ್ಮ ಬಡಾವಣೆಯ ಪೊಲೀಸ್ ಹೊರಠಾಣೆಯಿಂದ ಆ ಬೇಸಿಗೆಯಲ್ಲಿ ದಿನಾ ಸಂಜೆ ಕೇಳಿಬರುತ್ತಿದ್ದ ವೈರ್‌ಲೆಸ್ ಗೊರಗೊರ, ಹೆಡ್ ಕಾನ್ಸ್‌ಟೇಬಲ್ಲರ ಕೆಮ್ಮು, ಫೋನಿನಲ್ಲಿ ಯಾರನ್ನೋ ಗದರಿಸುವ ದನಿ, ಎಲ್ಲವೂ ನನ್ನ ಗಂಟಲಿನಿಂದ ಹೊರಟದ್ದು. ಒಳಗೆ ಪೊಲೀಸರು ಇರಲಿಲ್ಲ. ಒಂದು ಹ್ಯಾಂಗರು ಇತ್ತು, ಹ್ಯಾಂಗರಿಗೆ ಒಂದು ಖಾಕಿ ಅಂಗಿ ಇತ್ತು, ಕಿಟಕಿಯ ಹತ್ತಿರ ಒಂದು ಬಲ್ಬು ಮತ್ತು ಸ್ಪೀಕರು. ಜನ ನಂಬಿದರು. ನಂಬಿದ್ದು ಅವರ ತಪ್ಪಲ್ಲ. ನಾನು ಅಷ್ಟು ಚೆನ್ನಾಗಿ ಮಾಡಿದ್ದೆ. ಇದನ್ನು ಪಶ್ಚಾತ್ತಾಪದ ದನಿಯಲ್ಲಿ ಹೇಳಬೇಕು ಅಂತ ಅಮ್ಮ ಎಚ್ಚರಿಸಿದ್ದಾಳೆ. ಪ್ರಯತ್ನಪಡುತ್ತಲೇ ಇದ್ದೇನೆ. ಆದರೆ ಏನು ಮಾಡಲಿ, ಅದೊಂದು ದನಿ ಬಿಟ್ಟು ಮಿಕ್ಕ ಎಲ್ಲ ದನಿಯೂ ನನಗೆ ಬರುತ್ತದೆ.

ಚಿಕ್ಕಂದಿನಿಂದಲೂ ನನ್ನದು ಇದೇ ಕಾಯಿಲೆ. ಯಾರು ಮಾತಾಡಿದರೂ ಅವರ ದನಿ ನನ್ನ ಗಂಟಲಿಗೆ ಬಂದು ಕೂತುಬಿಡುತ್ತದೆ. ಸ್ಕೂಲಿನಲ್ಲಿ ಬಾಗಿಲ ಹಿಂದೆ ನಿಂತು ಹೆಡ್ ಮಾಸ್ಟರ ದನಿಯಲ್ಲಿ “ಮಕ್ಕಳನ್ನ ಬಿಟ್ಟುಬಿಡಿ ಮೇಡಂ” ಅಂದಿದ್ದಕ್ಕೆ ಇಡೀ ತರಗತಿ ಮನೆಗೆ ಹೋಗಿತ್ತು. ನಾನೊಬ್ಬ ಮಾತ್ರ ಬಾಗಿಲ ಹಿಂದೆಯೇ ಸಿಕ್ಕಿಬಿದ್ದಿದ್ದೆ. ತಿ. ನರಸೀಪುರದ ಬಸ್ಸಿನಲ್ಲಿ ಹಿಂದಿನ ಸೀಟಿನಿಂದ ಕಂಡಕ್ಟರ ದನಿಯಲ್ಲಿ “ರೈಟ್, ರೈಟ್” ಅಂದುಬಿಟ್ಟು, ಟೀ ಕುಡಿಯುತ್ತಿದ್ದ ಕಂಡಕ್ಟರು ಲೋಟ ಹಿಡಿದುಕೊಂಡೇ ಬಸ್ಸಿನ ಹಿಂದೆ ಓಡಿಬಂದದ್ದೂ ಉಂಟು. ಅಮ್ಮನ ಪಾಲಿಗೆ ನನ್ನ ಅತಿ ದೊಡ್ಡ ಕಿರುಕುಳವೆಂದರೆ ಸೊಪ್ಪಿನ ಮಾದಮ್ಮನ ದನಿ. ಬಡಾವಣೆಯ ಹಿಂದೆ, ರೈಲು ಹಳಿಯ ಆಚೆ ಇರುವ ಹಳ್ಳಿಯಿಂದ ಮಾದಮ್ಮ ದಿನಾ ಬೆಳಗ್ಗೆ ಬುಟ್ಟಿ ಹೊತ್ತು ಬರುತ್ತಾಳೆ. ಹುಟ್ಟಿದ ಊರು ಬದನವಾಳು. ಮದುವೆಗೆ ಮುಂಚೆ ಅಲ್ಲಿನ ಖಾದಿ ಕೇಂದ್ರದಲ್ಲಿ ನೂಲು ತೆಗೆದವಳು. ಅವಳ ಕೂಗೂ ಹಾಗೇ, ಎಳೆ ಕಡಿಯದ ಹಾಗೆ ಎಳೆದು ಎಳೆದು ಬರುತ್ತದೆ: “ಸೊಪ್ಪೋ... ದಂಟು, ಕೀರೆ, ಸಬ್ಬಸ್ಗೇ...” ಇದನ್ನು ನಾನು ಬಚ್ಚಲುಮನೆಯಲ್ಲಿ ಹಲ್ಲುಜ್ಜುತ್ತಾ ಕೂಗುವುದು, ಅಮ್ಮ ಚೀಲ ಹಿಡಿದು ಬೀದಿಗೆ ಓಡುವುದು, ಬೀದಿಯಲ್ಲಿ ನಾಯಿಯೊಂದನ್ನು ಬಿಟ್ಟರೆ ಯಾರೂ ಇಲ್ಲದಿರುವುದು. “ನಿನ್ ಬಾಯಿಗೆ ಮಣ್ಣ್ ಹಾಕ” ಅನ್ನುವುದರಿಂದ ನಮ್ಮ ಮನೆಯಲ್ಲಿ ಬೆಳಗಾಗುತ್ತದೆ.

ಎಲ್ಲರನ್ನೂ ಆಡಿಕೊಂಡವನಿಗೆ ತನ್ನದೇ ದನಿ ಯಾವುದು ಅನ್ನುವುದು ಮರೆತುಹೋಗುತ್ತದಂತೆ. ಒಮ್ಮೆ ಹೆಣ್ಣು ನೋಡಲು ಹೋದಾಗ ಹುಡುಗಿ ನಾಚಿಕೊಂಡು “ನೀವೇ ಏನಾದ್ರೂ ಮಾತಾಡಿ” ಅಂದಳು. ಗಾಬರಿಯಲ್ಲಿ ನನ್ನ ಬಾಯಿಂದ ಅವರಪ್ಪನ ದನಿಯೇ ಬಂತು. ಅವಳು ದಡಕ್ಕನೆ ಎದ್ದುನಿಂತಳು. ಸಂಬಂಧ ಅಲ್ಲಿಗೇ ಮುಗಿಯಿತು.

ಹೊಟ್ಟೆಪಾಡಿಗೂ ಇದೇ ಗಂಟಲು. ತಿ. ನರಸೀಪುರದ ಬಸ್ ನಿಲ್ದಾಣದ ಹಿಂದೆ ಶಾಮಿಯಾನ, ಸೌಂಡ್ ಸಿಸ್ಟಂ ಬಾಡಿಗೆಗೆ ಕೊಡುವ ಅಂಗಡಿಯೊಂದಿದೆ. ಅವರ ಪ್ರಚಾರದ ಆಟೋಗಳಿಗೆ ದನಿ ತುಂಬುವವನು ನಾನು. ಸೀರೆ ಅಂಗಡಿಯ ರಿಯಾಯಿತಿಯಿಂದ ಹಿಡಿದು ತಪ್ಪಿಸಿಕೊಂಡ ಎಮ್ಮೆಯವರೆಗೆ ಎರಡು ತಾಲ್ಲೂಕಿನ ಸಮಸ್ತ ಸುದ್ದಿಯೂ ನನ್ನ ಬಾಯಿಂದಲೇ ಹೊರಡಬೇಕು. ಆದರೆ ನನಗೆ ಕಾಲರ್ ಎತ್ತಿಕೊಳ್ಳುವಷ್ಟು ಹೆಮ್ಮೆ ಇರುವುದು ಸರ್ಕಾರಿ ಪ್ರಕಟಣೆಗಳ ಬಗ್ಗೆ. “ಸಾರ್ವಜನಿಕರಲ್ಲಿ ವಿನಂತಿ. ಮನೆಯ ಸುತ್ತಮುತ್ತ ನೀರು ನಿಲ್ಲದಂತೆ ನೋಡಿಕೊಳ್ಳಿ. ಜ್ವರ ಬಂದಲ್ಲಿ ಕೂಡಲೇ ವೈದ್ಯರನ್ನು ಕಾಣಿ.” ಇದು ಆರೋಗ್ಯದವರದ್ದು. “ಮಹಿಳೆಯರು ಒಡವೆ ಧರಿಸಿ ಒಂಟಿಯಾಗಿ ಓಡಾಡಬಾರದು. ಅಪರಿಚಿತರು ಕಂಡುಬಂದಲ್ಲಿ ಹತ್ತಿರದ ಠಾಣೆಗೆ ತಿಳಿಸಿ.” ಇದು ಪೊಲೀಸಿನವರದ್ದು. ಸೊಳ್ಳೆಗೆ ಹೊಗೆ ಬಿಡುವ ಯಂತ್ರ ಬಾರದ ಬೀದಿಗೂ ನಾನು ಬರುತ್ತೇನೆ. ಬೀಟಿನ ಪೊಲೀಸರು ಕಾಲಿಡದ ಗಲ್ಲಿಗೂ ನಾನು ಬರುತ್ತೇನೆ. ಊರು ಬೆಳೆದಷ್ಟು ಬೇಗ ಇಲಾಖೆಗಳು ಬೆಳೆಯಲಿಲ್ಲ, ಉಳಿದ ಖಾಲಿ ಜಾಗವನ್ನೆಲ್ಲ ನನ್ನ ಗಂಟಲು ತುಂಬಿತು. ಹಾಗೆ ನೋಡಿದರೆ ಈ ಎರಡು ತಾಲ್ಲೂಕಿನಲ್ಲಿ ಕಾನೂನು ಸುವ್ಯವಸ್ಥೆಯನ್ನೂ ಸಾರ್ವಜನಿಕ ಆರೋಗ್ಯವನ್ನೂ ಕಾಪಾಡುತ್ತಿದ್ದವನು ನಾನೇ. ಸೊಳ್ಳೆಯ ಬಗ್ಗೆ ರೆಕಾರ್ಡು ಮಾಡುವಾಗ ಒಂದು ಸೊಳ್ಳೆ ನನ್ನ ಬಾಯಿಗೇ ಹೋಯಿತು ಅನ್ನುವುದು ಬೇರೆ ಮಾತು.

ಆ ಸೊಳ್ಳೆಯೋ ಅದರ ಬಂಧುಗಳೋ ಗೊತ್ತಿಲ್ಲ, ಕೆಲವೇ ದಿನದಲ್ಲಿ ನನಗೇ ಜ್ವರ ಬಂತು. ಸರ್ಕಾರಿ ಆಸ್ಪತ್ರೆಗೆ ಹೋದೆ. ಯಾವ ಊರಿನದು ಅಂತ ಹೇಳುವುದಿಲ್ಲ. ಎರಡೂ ಊರಿನವರು “ಅದು ನಮ್ಮದೇ” ಅಂತ ಜಗಳಕ್ಕೆ ಬರುತ್ತಾರೆ. ಬೆಂಚಿನ ತುಂಬಾ ಜನ, ಒಳಗೆ ಟರ್ಕಿ ಟವೆಲ್ ಹೊದ್ದ ಡಾಕ್ಟರ ಕುರ್ಚಿ. ಕುರ್ಚಿ ಮಾತ್ರ. ಡಾಕ್ಟರಿಗೆ ಇನ್ನೊಂದು ಆಸ್ಪತ್ರೆಯ ಜವಾಬ್ದಾರಿಯೂ ಇದ್ದು, ಅಂದು ಆ ಕುರ್ಚಿಯ ಸರದಿಯಂತೆ. ಕಂಬಳಿ ಹೊದ್ದು ನಡುಗುತ್ತಾ ಕೂತಿದ್ದಾಗ ಹೊರಗಡೆ ರಸ್ತೆಯಲ್ಲಿ ನಮ್ಮ ಆಟೋ ಬಂತು. ಗಟ್ಟಿಮುಟ್ಟಾದ, ಜ್ವರವೇ ಗೊತ್ತಿಲ್ಲದ ನನ್ನ ದನಿ ಕಿಟಕಿಯಿಂದ ತೂರಿಬಂತು: “ಜ್ವರ ಬಂದಲ್ಲಿ ಕೂಡಲೇ ವೈದ್ಯರನ್ನು ಕಾಣಿ.” ಪಕ್ಕದಲ್ಲಿ ಕೂತಿದ್ದ ಮುದುಕ ಹಲ್ಲು ಕಡಿದು, “ಇಂಗೆ ಕೂಗೋ ನನ್ಮಗನ್ನ ಮೊದ್ಲು ಎಳ್ಕಬಂದು ಇಲ್ ಕೂರುಸ್ಬೇಕು ಕಣ್ಲಾ” ಅಂದ. “ಕೂತವ್ನೆ ತಾತ” ಅಂದೆ.

ಇನ್ನು ನಮ್ಮ ಬಡಾವಣೆ. ಹೆಸರು ಮೂರನೇ ಹಂತ. ಮೊದಲೆರಡು ಹಂತ ಎಲ್ಲಿವೆ ಅಂತ ಯಾರಿಗೂ ಗೊತ್ತಿಲ್ಲ. ನಾನು ಹುಡುಗನಾಗಿದ್ದಾಗ ಭತ್ತದ ಗದ್ದೆಯಾಗಿದ್ದ ಜಾಗ. ಈಗ ಕಾರ್ಖಾನೆಗೆ ಹೋಗುವವರು, ಮೈಸೂರಿಗೆ ಹೋಗಿಬರುವ ಟೀಚರುಗಳು, ನಿವೃತ್ತರು, ಎಲ್ಲರೂ ಮನೆ ಕಟ್ಟಿದ್ದಾರೆ. ನಮಗೆ ಊರಿನ ಮೇಲೆ ಅಭಿಮಾನ ಜಾಸ್ತಿ. ಪಾರ್ಕಿಗೆ ಜಾಗ ಬಿಟ್ಟಿದ್ದೇವೆ, ಅದರಲ್ಲಿ ರಸಬಾಳೆ ನೆಟ್ಟಿದ್ದೇವೆ. ಪೊಲೀಸ್ ಹೊರಠಾಣೆ ಬೇಕು ಅಂತ ಹೋರಾಡಿ ಅದನ್ನೂ ಪಡೆದಿದ್ದೇವೆ. ಒಂದು ಕೋಣೆ, ಒಂದು ಜಗಲಿ, ನೀಲಿ ಕೆಂಪು ಬಣ್ಣದ ಬೋರ್ಡು. ಟೇಪು ಕತ್ತರಿಸಿದರು, ಭಾಷಣವಾಯಿತು, ನನ್ನದೇ ಸೌಂಡ್ ಸಿಸ್ಟಂ. ಸಂಜೆಗೆ ಬೀಗ ಹಾಕಿ, ಬೀಗದ ಕೈಯನ್ನು ನಮ್ಮ ಸಂಘದ ಅಧ್ಯಕ್ಷರಾದ ಶ್ರೀಕಂಠಯ್ಯನವರ ಕೈಗೆ “ತಾತ್ಕಾಲಿಕವಾಗಿ” ಕೊಟ್ಟುಹೋದರು. ಆಮೇಲೆ ಯಾರೂ ಬರಲಿಲ್ಲ. ಪಟ್ಟಣದ ಠಾಣೆಯವರನ್ನು ಕೇಳಿದರೆ ಮೂರನೇ ಹಂತ ಗ್ರಾಮಾಂತರಕ್ಕೆ ಸೇರಿದ್ದು ಅಂದರು. ಗ್ರಾಮಾಂತರದವರು ಪಟ್ಟಣಕ್ಕೆ ಅಂದರು. ಎರಡೂ ಕಡೆಯವರು ಕಳಿಸೋಕೆ ಜನ ಇಲ್ಲ ಅಂದದ್ದು ಮಾತ್ರ ಸುಳ್ಳಲ್ಲ. ಊರು ಸಣ್ಣದಿದ್ದಾಗ ಎಷ್ಟು ಜನ ಪೊಲೀಸರಿದ್ದರೋ ಹೆಚ್ಚುಕಡಿಮೆ ಅಷ್ಟೇ ಜನ ಈಗಲೂ ಇರುವುದು. ಅವರಲ್ಲೂ ಅರ್ಧ ಜನ ಯಾವಾಗಲೂ ಯಾವುದೋ ಬಂದೋಬಸ್ತಿಗೆ ಹೋಗಿರುತ್ತಾರೆ.

ಖಾಲಿ ಜಾಗ ಬಿದ್ದಿದ್ದರೆ ನಮ್ಮ ಜನ ಸುಮ್ಮನಿರುತ್ತಾರೆಯೇ? ಆರೋಗ್ಯ ಉಪಕೇಂದ್ರಕ್ಕೆ ಕಟ್ಟಡವಿಲ್ಲದೆ ಮರದ ಕೆಳಗೆ ಮಕ್ಕಳಿಗೆ ಲಸಿಕೆ ಹಾಕುತ್ತಿದ್ದ ಪುಷ್ಪಾ ಸಿಸ್ಟರು ಹೊರಠಾಣೆಯ ಜಗಲಿಗೆ ಬಂದುಬಿಟ್ಟರು. ನಮ್ಮ ಬಡಾವಣೆಯ ಜೊತೆಗೆ ಸುತ್ತಲಿನ ಹಳ್ಳಿಗಳೆಲ್ಲ ಆಯಮ್ಮನೊಬ್ಬರ ತಲೆ ಮೇಲೆ. ಪ್ರತಿ ಗುರುವಾರ “ಪೊಲೀಸ್ ಹೊರಠಾಣೆ” ಬೋರ್ಡಿನ ಕೆಳಗೆ ತಾಯಂದಿರ ಸಾಲು, ಮಕ್ಕಳ ಚೀತ್ಕಾರ. ಇದರ ಪರಿಣಾಮ ಯಾರೂ ಊಹಿಸಿರಲಿಲ್ಲ. ನಮ್ಮ ಮೂರನೇ ಹಂತದ ಮಕ್ಕಳು ಖಾಕಿ, ನೀಲಿ ಕೆಂಪು ಬೋರ್ಡು, ಲಾಠಿ, ಏನು ಕಂಡರೂ ತೊಡೆ ಹಿಡಿದುಕೊಂಡು ಅಳುತ್ತವೆ. ಮೈಸೂರಿನ ಬಸ್ಸಿನಲ್ಲಿ ಪಕ್ಕಕ್ಕೆ ಬಂದು ಕೂತ ಟ್ರಾಫಿಕ್ ಪೊಲೀಸರನ್ನು ನೋಡಿ ಒಂದು ಮಗು ತಾನಾಗಿಯೇ ಚಡ್ಡಿ ಸರಿಸಿ ತೊಡೆ ಒಡ್ಡಿತಂತೆ.

ಹೀಗಿರುವಾಗ ಬಡಾವಣೆಯಲ್ಲಿ ನೀರಿನ ಮೋಟಾರುಗಳು ಮಾಯವಾಗತೊಡಗಿದವು. ಮೊದಲು ನಮ್ಮ ಸಂಪಿನದು, ಆಮೇಲೆ ಶ್ರೀಕಂಠಯ್ಯನವರದು. ಇವರು ಸೋಸಲೆಯ ಕಡೆಯವರು, ಮಠದ ಪಾಠಶಾಲೆಯಲ್ಲಿ ಕಲಿತು, ಹೈಸ್ಕೂಲಿನಲ್ಲಿ ಸಂಸ್ಕೃತ ಕಲಿಸಿ ನಿವೃತ್ತರಾದವರು. ಮನೆಗೆ ಕಳ್ಳ ಬಂದಾಗಲೂ “ಯಾರಯ್ಯಾ ನೀನು, ಏನು ನಿನ್ನ ಅಭಿಪ್ರಾಯ?” ಅಂತ ಕೇಳಿದ್ದರಂತೆ. ಕಳ್ಳ ಅಭಿಪ್ರಾಯ ತಿಳಿಸದೆ ಮೋಟಾರು ಹೊತ್ತುಕೊಂಡು ಹೋಗಿದ್ದ. ಸಂಘದ ಸಭೆಯಲ್ಲಿ ಎಲ್ಲರೂ ಸಿಸಿಟಿವಿ ಅಂತ ಕೂಗುತ್ತಿದ್ದಾಗ ನಾನು ನನ್ನ ಉಪಾಯ ಹೇಳಿದೆ. ಪೊಲೀಸರು ಬರದಿದ್ದರೆ ಬೇಡ, ಪೊಲೀಸರ ಸದ್ದು ಬರಲಿ. ಶ್ರೀಕಂಠಯ್ಯನವರು ಕಣ್ಣು ಮುಚ್ಚಿ ಯೋಚಿಸಿದರು. “ಅಸತ್ಯವೇ ಆದರೂ ಲೋಕಹಿತಕ್ಕೆ ಅಂದಮೇಲೆ...” ಅನ್ನುತ್ತಾ ಜೇಬಿನಿಂದ ಬೀಗದ ಕೈ ತೆಗೆದು ನನ್ನ ಕೈಗಿಟ್ಟರು.

ಖಾಕಿ ಅಂಗಿ ಕೊಟ್ಟವರು ಎದುರು ಮನೆಯ ನಿವೃತ್ತ ಕಂಡಕ್ಟರು. ದನಿ ಸಾಲ ತಂದದ್ದು ಹೆಡ್ ಕಾನ್ಸ್‌ಟೇಬಲ್ ಚಿಕ್ಕಲಿಂಗಯ್ಯನವರಿಂದ. ಅದೂ ಅವರಿಗೆ ತಿಳಿಯದಂತೆ. ಗಣೇಶನ ಪೆಂಡಾಲಿನ ಬಂದೋಬಸ್ತಿಗೆ ಬಂದಿದ್ದಾಗ ರಾತ್ರಿಯೆಲ್ಲ ಅವರ ಪಕ್ಕ ಕೂತು ಕಲಿತಿದ್ದೆ. ಮೊದಲು ಒಂದು ಕೆಮ್ಮು, ಆಮೇಲೆ ಒಂದು “ಏಯ್”, ಕೊನೆಗೆ “ನಾಳೆ ಬಾ”. ಈ ಮೂರರಲ್ಲಿ ಅವರ ಇಡೀ ಉದ್ಯೋಗ ಅಡಗಿತ್ತು. ವೈರ್‌ಲೆಸ್ಸಿನ ಗೊರಗೊರಕ್ಕೆ ನಾಲಿಗೆಯನ್ನು ಅಂಗುಳಕ್ಕೆ ಒತ್ತಿ ಗಾಳಿ ಬಿಟ್ಟೆ. ಸಾಕಷ್ಟು ಉಗುಳು ಖರ್ಚಾಯಿತು. “ಕಂಟ್ರೋಲ್, ಕಂಟ್ರೋಲ್, ಮೂರನೇ ಹಂತ ಹೊರಠಾಣೆ ಹೇಳ್ತಿರೋದು. ಇಬ್ರು ಸ್ಟಾಫ್ ಒಳಗಡೆ, ಇಬ್ರು ರೌಂಡ್ಸು. ಏಯ್, ಯಾವನಯ್ಯ ಅವ್ನು ಗಾಡಿ ನಿಲ್ಸ್‌ಕೊಂಡವ್ನು?” ಅಂಗಡಿಯಲ್ಲಿ ಉಳಿದಿದ್ದ ಹಳೇ ಸ್ಪೀಕರಿಗೆ ಇದನ್ನು ತುಂಬಿ, ಕಿಟಕಿಗೆ ತೆಳು ಪರದೆ ಬಿಟ್ಟು, ಪರದೆಯ ಹಿಂದೆ ಅಂಗಿಯ ನೆರಳು ಬೀಳುವ ಹಾಗೆ ಬಲ್ಬು ಕಟ್ಟಿದೆ. ನೋಡಿದವರಿಗೆ ಒಬ್ಬ ತಲೆಯಿಲ್ಲದ ಪೊಲೀಸು ಬೆನ್ನು ಮಾಡಿ ನಿಂತ ಹಾಗೆ ಕಾಣುತ್ತಿತ್ತು. ತಲೆ ಬಗ್ಗಿಸಿ ಏನೋ ಬರೆಯುತ್ತಿದ್ದಾರೆ ಅಂತ ಜನವೇ ಅರ್ಥ ಮಾಡಿಕೊಂಡರು.

ಕಳ್ಳತನ ನಿಂತಿತು ಅಂದರೆ ನಂಬುತ್ತೀರಾ? ನಿಂತಿತು. ಅಪರಿಚಿತ ಬೈಕುಗಳು ಬಡಾವಣೆಯ ತಿರುವಿಗೆ ಬಂದು, ವೈರ್‌ಲೆಸ್ ಕೇಳಿ, ಸಭ್ಯವಾಗಿ ಹಿಂತಿರುಗುತ್ತಿದ್ದವು. ಹೆಲ್ಮೆಟ್ ಇಲ್ಲದವರು ಆ ಕಿಟಕಿ ದಾಟುವವರೆಗೆ ಗಾಡಿ ತಳ್ಳಿಕೊಂಡು ಹೋಗುತ್ತಿದ್ದರು. ಪಕ್ಕದ ಬಡಾವಣೆಯವರು ಬಂದು “ನಿಮಗ್ಯಾವ ಎಮ್ಮೆಲ್ಲೆ ಮಾಡಿಸ್ಕೊಟ್ರು ಸ್ವಾಮಿ?” ಅಂತ ಹೊಟ್ಟೆಯುರಿದುಕೊಂಡರು. ಯಾರೋ ಕಿಟಕಿಯ ಮೇಲೆ ಒಂದು ಚಿಪ್ಪು ಬಾಳೆಹಣ್ಣು ಇಟ್ಟುಹೋಗಿದ್ದರು. ಹ್ಯಾಂಗರಿನ ಪರವಾಗಿ ನಾನೇ ತಿಂದೆ. ನಿಜ ಹೇಳುತ್ತೇನೆ, ಹಬ್ಬಗಳಲ್ಲಿ ವೇದಿಕೆ ಹತ್ತಿ ಮಿಮಿಕ್ರಿ ಮಾಡಿದಾಗ ಎಷ್ಟು ಚಪ್ಪಾಳೆ ಬಿದ್ದರೂ ಬಾರದ ಹೆಮ್ಮೆ ಆ ದಿನಗಳಲ್ಲಿ ಬಂದಿತ್ತು. ನನ್ನ ಗಂಟಲನ್ನು ನಂಬಿ ಒಂದು ಊರು ನೆಮ್ಮದಿಯಾಗಿ ಮಲಗುತ್ತಿತ್ತು.

ಒಂದು ಸಂಜೆ ಸ್ಪೀಕರಿನ ಬ್ಯಾಟರಿ ಬದಲಿಸಲು ಒಳಗೆ ಹೋಗಿದ್ದೆ. ಸದ್ದು ನಿಲ್ಲಿಸಿದ್ದೆನಷ್ಟೆ, ಕಿಟಕಿಯ ಆಚೆಯಿಂದ ಒಂದು ದನಿ: “ಸಾ... ಒಸಿ ಕೇಳಿ ಸಾ.” ದಂಟು, ಕೀರೆ, ಸಬ್ಬಸ್ಗೆಯ ದನಿ. ಮಾದಮ್ಮ! ನಾನು ಹ್ಯಾಂಗರಿನ ಹಿಂದೆ ಕೂತುಬಿಟ್ಟೆ. ಸುಮ್ಮನಿದ್ದಿದ್ದರೆ ಆಗುತ್ತಿತ್ತು. ಆದರೆ ಗಾಬರಿಯಾದಾಗ ನನ್ನ ಬಾಯಿ ನನ್ನ ಮಾತು ಕೇಳುವುದಿಲ್ಲ. ಚಿಕ್ಕಲಿಂಗಯ್ಯನವರ ಕೆಮ್ಮು ತಾನಾಗಿಯೇ ಬಂತು. ಕೆಮ್ಮಿನ ಹಿಂದೆ “ಏಯ್” ಬಂತು. ಅದರ ಬಾಲ ಹಿಡಿದುಕೊಂಡು ಮಿಕ್ಕದ್ದೂ ಬಂತು: “ಏಯ್, ಯಾರಮ್ಮ ಅದು? ಸಾಹೇಬ್ರು ಇಲ್ಲ. ನಾಳೆ ಬಾ.”

ಮಾದಮ್ಮ ಪರದೆಯ ಕಡೆ ಒಮ್ಮೆ ಬಗ್ಗಿ ನೋಡಿದಳು. “ಆಯ್ತು ಸಾ” ಅಂದು ಹೋದಳು. ನಾನು ನಕಲು ಮಾಡಿದ್ದು ದನಿಯನ್ನು ಮಾತ್ರ ಅಂದುಕೊಂಡಿದ್ದೆ. ಈಗ ನೋಡಿದರೆ ಇಲಾಖೆಯನ್ನೇ ಪೂರ್ತಿಯಾಗಿ ನಕಲು ಮಾಡಿಬಿಟ್ಟಿದ್ದೆ. ಆಸ್ಪತ್ರೆಯಲ್ಲಿ ಟವೆಲ್ ಹೊದ್ದ ಕುರ್ಚಿಯನ್ನು ನೋಡಿ ಎಷ್ಟು ಬೈದಿದ್ದೆನೋ, ಈಗ ಅಂಥದೇ ಒಂದು ಕುರ್ಚಿ ನಾನಾಗಿದ್ದೆ.

ಅದಕ್ಕೇ ಮಾರನೆಯ ಸಂಜೆ ತಿ. ನರಸೀಪುರದಿಂದ ಬೇಗ ಹೊರಟು ಬಂದು ಹ್ಯಾಂಗರಿನ ಹಿಂದೆ ಕಾದು ಕೂತೆ. ಮಾದಮ್ಮ ಬಂದಳು. ಕಿಟಕಿಯ ಕಂಬಿ ಹಿಡಿದು ಎಲ್ಲವನ್ನೂ ಹೇಳಿದಳು. ಮೊಮ್ಮಗಳು ಚೈತ್ರ ಮೈಸೂರಿನಲ್ಲಿ ನರ್ಸಿಂಗ್ ಓದುತ್ತಾಳೆ. ಸಂಜೆ ಬಸ್ಸಿಳಿದು ನಮ್ಮ ಬಡಾವಣೆ ದಾಟಿ, ರೈಲು ಸೇತುವೆಯ ಕೆಳಗಿನ, ಮೋರಿ ಅಂತ ಎಲ್ಲರೂ ಕರೆಯುವ ದಾರಿಯಲ್ಲಿ ತನ್ನ ಹಳ್ಳಿಗೆ ನಡೆಯಬೇಕು. ಅಲ್ಲಿ ದೀಪವಿಲ್ಲ. ಬೈಕು ನಿಲ್ಲಿಸಿಕೊಂಡು ಕುಡಿಯುವ ಪಡ್ಡೆಗಳಿದ್ದಾರೆ. ಮೊದಮೊದಲು ಶಿಳ್ಳೆ ಹಾಕುತ್ತಿದ್ದರು, ಈಗ ದಾರಿಗೆ ಬೈಕು ಅಡ್ಡ ನಿಲ್ಲಿಸುತ್ತಾರೆ. “ನನ್ ಮಗ ಸ್ವಾಮಾರದಿಂದ ಕಾಲೇಜೇ ಬ್ಯಾಡ ಅಂತವ್ನೆ ಸಾ. ಮದ್ವೆ ಮಾಡ್‌ಬುಡನ ಅಂತವ್ನೆ. ನಮ್ ಕುಲ್ದಲ್ಲಿ ಸೂಜಿ ಇಡ್ಯದ ಕಲ್ತ ಎಣ್ಮಗ ಅದೊಂದೇಯ. ಆ ಮೋರಿ ತಾವ ಒಬ್ರು ಪೋಲೀಸ್ನೋರು ನಿಂತ್ಕಂಡ್ರೆ ಅದ್ರ ಓದು ಉಳ್ಕತದೆ.”

ಚೈತ್ರ ನನಗೂ ಗೊತ್ತಿದ್ದಳು. ರಜೆ ಇದ್ದ ಗುರುವಾರಗಳಲ್ಲಿ ಜಗಲಿಗೆ ಬಂದು, ಪುಷ್ಪಾ ಸಿಸ್ಟರಿಗೆ ಮಕ್ಕಳ ತೊಡೆ ಹಿಡಿದುಕೊಡುತ್ತಿದ್ದಳು. “ಓದು ಮುಗುಸ್ಕೊಂಡ್ ಬಾರಮ್ಮ, ನಿಂಗೆ ಅರ್ಧ ಹಳ್ಳಿ ಬರ್ಕೊಟ್ಟು ನಾನೊಂದಿನ ಕಾಲ್ ಚಾಚ್ಕೊಂಡು ಕೂತ್ಕೋತೀನಿ” ಅಂತ ಸಿಸ್ಟರು ಅವಳಿಗೆ ಹೇಳುತ್ತಿದ್ದರು. ಆ ಹುಡುಗಿಯ ಓದು ಈಗ ಒಂದು ಕಂಡಕ್ಟರ್ ಅಂಗಿಯ ಮುಂದೆ ಬಂದು ನಿಂತಿತ್ತು. ಕೆಮ್ಮಿದೆ. “ಆಯ್ತು ಹೋಗಮ್ಮ. ಬೀಟ್ ಹಾಕುಸ್ತೀನಿ” ಅಂದೆ.

ಹಾಕಿಸುವುದು ಎಲ್ಲಿಂದ? ಮರುದಿನ ರಜೆ ಹಾಕಿ ನನ್ನ ಸ್ವಂತ ದನಿಯಲ್ಲಿ, ಅದನ್ನು ಬಹಳ ಕಷ್ಟಪಟ್ಟು ಹುಡುಕಿಕೊಂಡು, ನಿಜವಾದ ಠಾಣೆಗೆ ಹೋದೆ. ಆ ಸೇತುವೆಯ ಕೆಳಗೆ ಮೂರು ರಾಜ್ಯಗಳ ಗಡಿ ಕೂಡುತ್ತದೆ ಅಂತ ಗೊತ್ತಾದದ್ದು ಆಗ. ಮೇಲಿನ ಹಳಿ ರೈಲ್ವೆ ಪೊಲೀಸರದು, ಈಚೆ ಬದಿ ಪಟ್ಟಣದವರದು, ಆಚೆ ಬದಿ ಗ್ರಾಮಾಂತರದವರದು. ನಡುವೆ ಮಳೆನೀರು ನಿಲ್ಲುವ ಜಾಗ ಮಾತ್ರ ಯಾರದೂ ಅಲ್ಲ. ಪಡ್ಡೆಗಳು ಸರಿಯಾಗಿ ಅಲ್ಲೇ ನಿಲ್ಲುತ್ತಿದ್ದರು. ಠಾಣೆಯಲ್ಲಿ ಚಿಕ್ಕಲಿಂಗಯ್ಯನವರು ಒಬ್ಬರೇ ಇದ್ದರು. ಒಂದು ಕಿವಿಗೆ ಫೋನು, ಎದುರಿಗೆ ಆಸ್ತಿ ಜಗಳದ ಅಣ್ಣತಮ್ಮಂದಿರು, ಮೂಲೆಯಲ್ಲಿ ಯಾರದೋ ಕಳೆದುಹೋದ ಮೇಕೆ. ಕಣ್ಣು ಕೆಂಪಗಾಗಿತ್ತು. “ಎಲ್ರೂ ಬಂದೋಬಸ್ತ್‌ಗೆ ಹೋಗವ್ರೆ ಕಣಯ್ಯ. ನಾನ್ ಯಾವ್ ಮೋರಿ ಕಾಯ್ಲಿ? ನಾಳೆ ಬಾ” ಅಂದರು. ಅವರ ದನಿಯಲ್ಲೇ “ನಾಳೆ ಬಾ” ಅನ್ನುವುದು ನನ್ನ ನಾಲಿಗೆಯ ತುದಿಗೆ ಬಂದಿತ್ತು. ಕಚ್ಚಿಕೊಂಡೆ. ಈಗಲೂ ಆ ಗುರುತು ಇದೆ.

ಕೊನೆಗೆ ಬೀಟು ಹಾಕಿದ್ದು ನಾನೇ. ಆ ಸಂಜೆ ಅಂಗಡಿಯ ಪ್ರಚಾರದ ಆಟೋ ತಂದು, ಸೇತುವೆಯ ಈಚೆ ತಿರುವಿನಲ್ಲಿ ಮರೆಯಾಗಿ ನಿಲ್ಲಿಸಿ, ಚೈತ್ರ ಬಸ್ಸಿಳಿದು ಬರುವ ಹೊತ್ತಿಗೆ ಮೈಕು ಹಿಡಿದೆ. “ಏಯ್! ಬ್ರಿಡ್ಜ್ ಕೆಳಗಿರೋ ಗಾಡಿಗಳು! ನಂಬರ್ ಎಲ್ಲ ಬರ್ಕೊಂಡಾಗೈತೆ. ಆ ಕಡೆಯಿಂದ ಇಬ್ರು ಬರ್ರಯ್ಯ, ಈ ಕಡೆಯಿಂದ ನಾನ್ ಬತ್ತೀನಿ!” ಸೇತುವೆಯ ಕೆಳಗೆ ಆ ಮಾತು ಮಾರ್ದನಿಗೊಂಡು ಒಬ್ಬ ಚಿಕ್ಕಲಿಂಗಯ್ಯನ ಬದಲು ಒಂದು ತುಕಡಿ ಚಿಕ್ಕಲಿಂಗಯ್ಯಂದಿರಾದರು. ಪಡ್ಡೆಗಳು ಬಾಟಲಿ ಬಿಟ್ಟು, ಬೈಕನ್ನೂ ಸ್ಟಾರ್ಟ್ ಮಾಡದೆ ತಳ್ಳಿಕೊಂಡೇ ಓಡಿದರು. ಮಾರನೆಯ ಸಂಜೆ ಶ್ರೀಕಂಠಯ್ಯನವರು ಟಾರ್ಚು ಹಿಡಿದು ಬಂದರು. “ನಾನು ಮಫ್ತಿಯಲ್ಲಿದ್ದೇನೆ” ಅಂದರು. ಮೈಮೇಲೆ ಪಂಚೆ, ಶಲ್ಯ. ಅದಾದ ಮೇಲೆ ಸಂಘದವರೆಲ್ಲ ವಾಕಿಂಗಿನ ನೆಪದಲ್ಲಿ ಅಲ್ಲಿಗೇ ಬರತೊಡಗಿದರು; ನಿವೃತ್ತ ಕಂಡಕ್ಟರು ತಮ್ಮ ಹಳೇ ವಿಷಲ್ ಹುಡುಕಿ ತಂದರು. ಸೋಮವಾರ ಬಂತು. ಚೈತ್ರ ಕಾಲೇಜಿಗೆ ಹೋದಳು. ನಮ್ಮ ಮೂರನೇ ಹಂತದವರನ್ನು ಜಗಳಗಂಟರು, ಜಿಪುಣರು, ಬೀದಿ ದೀಪ ತಮ್ಮ ಮನೆಯೆದುರಿಗೇ ಬರಬೇಕು ಅಂತ ಹೊಡೆದಾಡುವವರು ಅಂತೆಲ್ಲ ನಾನು ಅಣಕಿಸುವುದುಂಟು. ಅಂದು ಟಾರ್ಚುಗಳು ಸಾಲಾಗಿ ಆ ಕತ್ತಲೆ ಮೋರಿಯನ್ನು ಬೆಳಗಿದ್ದನ್ನು ನೋಡಿ ನನಗೆ ಯಾರ ದನಿಯೂ ಬರಲಿಲ್ಲ.

ಎಡವಟ್ಟಾದದ್ದು ಬುಧವಾರ. ಎಲ್ಲೋ ಹೋಗಿದ್ದ, ದಿನಾ ನಡುರಾತ್ರಿಗೆ ಮನೆ ಸೇರುವ ಚಿಕ್ಕಲಿಂಗಯ್ಯನವರು ಅಂದು ಸಂಜೆಯೇ ಮೊಪೆಡ್ಡಿನಲ್ಲಿ ಅದೇ ದಾರಿಯಲ್ಲಿ ಮನೆಗೆ ಬರುತ್ತಿದ್ದರು. ಸೇತುವೆಯ ಆಚೆ ಬದಿಯಲ್ಲಿ ಗಾಡಿ ನಿಲ್ಲಿಸಿದರು. ಈಚೆ ಬದಿಯಿಂದ ಅವರದೇ ದನಿ ಅವರನ್ನೇ ಗದರಿಸಿತು: “ಏಯ್, ಯಾವನಯ್ಯ ಅವ್ನು?” ಮಾರನೆಯ ದಿನ ಅವರು ಹೇಳಿದ್ದು: “ನನ್ ಗಂಟ್ಲು ನಾನೇ ಕೇಳ್ದೆ ಕಣಯ್ಯ. ಮೈಯೆಲ್ಲ ಬೆವ್ರ್ ಬಿಟ್ಕತು. ಸತ್ತೋದ್ನಾ, ನನ್ ದೆವ್ವ ಡ್ಯೂಟಿ ಮಾಡ್ತಾ ಐತಾ ಅನ್ಕಂಡೆ. ಸತ್ ಮೇಲೂ ಬಿಡ್ಲಿಲ್ವಲ್ಲಪ್ಪ ಈ ಡಿಪಾರ್ಟ್‌ಮೆಂಟು ಅನ್ಕಂಡೆ.”

ಮಾರನೆಯ ದಿನ ಗುರುವಾರ. ಪುಷ್ಪಾ ಸಿಸ್ಟರು ಬೇರೆ ಹಳ್ಳಿ ಮುಗಿಸಿ ಬರುವಾಗಲೇ ಸಂಜೆಯಾಗಿತ್ತು. ಜಗಲಿಯ ತುಂಬಾ ತಾಯಂದಿರು, ಮಕ್ಕಳು. ಮಾದಮ್ಮ ಪಕ್ಕದ ಮನೆಯ ಕೂಸನ್ನು ಎತ್ತಿಕೊಂಡು ಬಂದಿದ್ದಳು. ನಾನು ಒಳಗೆ ಸ್ಪೀಕರು ಹಾಕುತ್ತಿದ್ದೆ. ಆ ದನಿಯ ಜಾಡು ಹಿಡಿದು ಮೊಪೆಡ್ ಬಂದು ನಿಂತಿತು. ಖಾಕಿ ಕಂಡದ್ದೇ ತಡ, ಮಕ್ಕಳೆಲ್ಲ ಒಟ್ಟಿಗೆ ತೊಡೆ ಹಿಡಿದುಕೊಂಡು ಅತ್ತವು. ಚಿಕ್ಕಲಿಂಗಯ್ಯನವರು ಬೆಚ್ಚಿ ಒಂದು ಹೆಜ್ಜೆ ಹಿಂದೆ ಸರಿದರು. ಆಮೇಲೆ ಬಾಗಿಲು ತಳ್ಳಿ ಒಳಗೆ ಬಂದು ಹ್ಯಾಂಗರನ್ನು ನೋಡಿದರು, ನನ್ನನ್ನು ನೋಡಿದರು, ಮತ್ತೆ ಅಂಗಿಯನ್ನು ಮುಟ್ಟಿ ನೋಡಿದರು. “ಇದು ಕಂಡಕ್ಟರ್ ಶರ್ಟು! ನನ್ನ ಕಂಡಕ್ಟರ್ ಮಾಡಿದ್ಯೇನೋ ಲೇ!” ಸುಳ್ಳು ಠಾಣೆ ನಡೆಸಿದ್ದಕ್ಕಿಂತ ಅವರಿಗೆ ಆ ಅವಮಾನ ದೊಡ್ಡದಾಗಿತ್ತು. “ಪೊಲೀಸ್ ವೇಷ ಹಾಕಿದ್ರೆ ಏನಾಯ್ತದೆ ಗೊತ್ತಾ?” ಅಂದರು. “ನಾನು ಹಾಕಿಲ್ಲ ಸಾ, ಹ್ಯಾಂಗರು ಹಾಕ್ಕೊಂಡಿರೋದು” ಅಂದೆ. ಕುತ್ತಿಗೆಪಟ್ಟಿ ಹಿಡಿದು ಜಗಲಿಗೆ ಎಳೆದು ತಂದರು.

ಶ್ರೀಕಂಠಯ್ಯನವರು ಓಡಿಬಂದು “ಅಪರಾಧ ಸಾಮೂಹಿಕ, ಬೀಗದ ಕೈ ನನ್ನದು” ಅಂದರು. ಸಿಸ್ಟರು ಸಿರಿಂಜ್ ಕೈಯಲ್ಲಿ ಹಿಡಿದುಕೊಂಡೇ ಅಡ್ಡ ನಿಂತು, “ಬಿಡಿ ಸಾರ್, ನಮ್ ಹುಡ್ಗ” ಅಂದರು. ಸಿರಿಂಜ್ ನೋಡಿ ಚಿಕ್ಕಲಿಂಗಯ್ಯನವರ ಹಿಡಿತ ಸ್ವಲ್ಪ ಸಡಿಲವಾಯಿತು. ಅವರು ಮಾದಮ್ಮನ ಕಡೆ ತಿರುಗಿದರು. “ನೀನೇ ಅಲ್ವೇನಮ್ಮ ಹೋದ್ವಾರ ಮೋರಿ ಕಂಪ್ಲೇಂಟು ಅಂತ ನಮ್ ಠಾಣೆಗೆ ಬಂದಿದ್ದು? ಈ ಕಳ್ಳ ನಿಂಗೆ ಮೋಸ ಮಾಡವ್ನೆ. ಒಳಗಡೆ ಪೊಲೀಸಿಲ್ಲ, ಇವ್ನೇ ಕೂತ್ಕಂಡು ನನ್ ದನೀಲಿ ಮಾತಾಡವ್ನೆ. ಗೊತ್ತಾ?”

“ಗೊತ್ತಿಲ್ದೆ ಏನಪ್ಪ? ದಿನಾ ಒತ್ತಾರೆ ನನ್ ದನೀಲಿ ಸೊಪ್ಪು ಕೂಗಿ ಇವ್ರವ್ವನ್ನ ಬೀದಿಗೆ ಓಡುಸ್ತಾನೆ. ಮೊದುಲ್ನೇ ದಿನ್ವೇ ಗೊತ್ತಾಯ್ತು.”

ಅಲ್ಲಿಗೆ ನನ್ನ ಕಲೆಯ ಬಗ್ಗೆ ನನಗಿದ್ದ ಹೆಮ್ಮೆ ಮುಗಿಯಿತು. ಇಡೀ ಊರನ್ನು ನಂಬಿಸಿದ ಗಂಟಲು ಸೊಪ್ಪಿನ ಬುಟ್ಟಿಯ ಮುಂದೆ ಮೊದಲ ಕೆಮ್ಮಿಗೇ ಸಿಕ್ಕಿಬಿದ್ದಿತ್ತು. ಚಿಕ್ಕಲಿಂಗಯ್ಯನವರು ಅವಳನ್ನು ಇನ್ನೊಂದು ಮಾತು ಕೇಳಿದರು, ಅವಳು ಅದಕ್ಕೊಂದು ಉತ್ತರ ಕೊಟ್ಟಳು. ಆ ಉತ್ತರ ಹೇಳುವ ಮುಂಚೆ ಅದು ಏನು ಮಾಡಿತು ಅಂತ ಹೇಳಿಬಿಡುತ್ತೇನೆ. ಅದರ ಮೇಲೆ ಮಾತಾಡುವಷ್ಟು ದೊಡ್ಡ ಬಾಯಿ ನನಗಿಲ್ಲ. ಚಿಕ್ಕಲಿಂಗಯ್ಯನವರು ನನ್ನ ಕುತ್ತಿಗೆಪಟ್ಟಿ ಬಿಟ್ಟರು. ಟೋಪಿ ತೆಗೆದು ಜಗಲಿಯ ಕಟ್ಟೆಯ ಮೇಲೆ ಕೂತು ಬಹಳ ಹೊತ್ತು ಮುಖ ಒರೆಸಿಕೊಂಡರು. ಮಾರನೆಯ ದಿನ ತಮ್ಮ ಸಾಹೇಬರ ಹತ್ತಿರ ಹೋಗಿ, “ಮನೆಗೋಗೋ ದಾರೀಲೇ ಐತೆ ಸಾ, ಸಂಜೆ ಪಾಳಿ ನಾನ್ ಮಾಡ್ತೀನಿ” ಅಂದರಂತೆ. ಈಗ ದಿನಾ ಸಂಜೆ ನಮ್ಮ ಹೊರಠಾಣೆಯಲ್ಲಿ ತಲೆಯಿರುವ ಪೊಲೀಸರೊಬ್ಬರು ಕೂರುತ್ತಾರೆ. ಚೈತ್ರಳ ಬಸ್ಸು ಬರುವ ಹೊತ್ತಿಗೆ ಎದ್ದು ಮೋರಿಯವರೆಗೆ ಹೋಗಿ ಬರುತ್ತಾರೆ. ಗುರುವಾರ ಒಳಗಿನ ಮೇಜು ಪುಷ್ಪಾ ಸಿಸ್ಟರದು. ಮಕ್ಕಳನ್ನು ಸುಮ್ಮನಿರಿಸಲು ಚಿಕ್ಕಲಿಂಗಯ್ಯನವರು ಪೆಪ್ಪರ್‌ಮೆಂಟು ಇಟ್ಟುಕೊಂಡಿರುತ್ತಾರೆ. ಹೊಗೆ ಬಿಡುವ ಯಂತ್ರ ಇನ್ನೂ ಬಂದಿಲ್ಲ, ಡಾಕ್ಟರು ಇವತ್ತಿಗೂ ಎರಡು ಕುರ್ಚಿಗೆ ಒಬ್ಬರೇ. ನನ್ನ ಠಾಣೆಯ ಕೆಲಸ ಮಾತ್ರ ಹೋಯಿತು, ಕಂಡಕ್ಟರು ಅಂಗಿ ವಾಪಸು ತೆಗೆದುಕೊಂಡರು. ಆದರೂ ತಿ. ನರಸೀಪುರದ ಬಸ್ಸಿನಲ್ಲಿ ಯಾರಾದರೂ “ನಿಮ್ ಮೂರನೇ ಹಂತಕ್ಕೆ ಪೊಲೀಸ್ನೋರು ಬಂದ್ರಂತಲ್ಲ, ಯಾರ್ ಕರೆಸಿದ್ರು?” ಅಂತ ಕೇಳಿದರೆ ನಾನು ಕಾಲರ್ ಎತ್ತಿಕೊಳ್ಳುತ್ತೇನೆ, ಆಮೇಲೆ ನೆನಪಾಗಿ ಇಳಿಸಿಕೊಳ್ಳುತ್ತೇನೆ.

ಅಂದು ಚಿಕ್ಕಲಿಂಗಯ್ಯನವರು ಕೇಳಿದ್ದು ಇಷ್ಟೇ: “ಸುಳ್ಳು ಪೊಲೀಸು ಅಂತ ಗೊತ್ತಿದ್ದೂ ಇವನ ತಾವ ಯಾಕೆ ಬಂದೆಯಮ್ಮ?”

ಮಾದಮ್ಮ ಕಂಕುಳಲ್ಲಿದ್ದ ಕೂಸನ್ನು ಸರಿಮಾಡಿಕೊಂಡು ಅಂದಳು: “ನೀನೂ ನಾಳೆ ಬಾ ಅಂದೆ, ಇವ್ನೂ ನಾಳೆ ಬಾ ಅಂದ. ನಾಳೆ ಬಂದಾಗ ಇವ್ನು ಇದ್ದ ಕಣಪ್ಪ.”